ಅಟ್ಟದಲ್ಲಿ ಸಿಕ್ಕ ಕ್ಲಾನ್ ಕಾರ್ಡುಗಳು: ಸುಡುವುದೋ, ಉಳಿಸುವುದೋ?

ಪ್ರಶ್ನೆ: ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಹಳೆಯ ಮನೆ ಕೊಂಡಿದ್ದೇವೆ. ಅಟ್ಟ ಗುಡಿಸುವಾಗ ತಗಡಿನ ಪೆಟ್ಟಿಗೆಯೊಂದು ಸಿಕ್ಕಿತು. ಅದರಲ್ಲಿ ಬಿಳಿಯರೇ ಮೇಲೆಂದು ಹಿಂಸೆಗಿಳಿದ ಗುಟ್ಟಿನ ಸಂಘವಾದ ಕು ಕ್ಲಕ್ಸ್ ಕ್ಲಾನ್‌ನ ಸದಸ್ಯರ ಕಾರ್ಡುಗಳು, ಚಂದಾ ಬರೆದಿಟ್ಟ ಪುಸ್ತಕ, ಒಂದಿಷ್ಟು ಪತ್ರಗಳು, ಒಂದು ಬಿಳಿ ನಿಲುವಂಗಿ ಇವೆ. ಎಲ್ಲ 1920ರ ದಶಕದವು. ಎದುರುಮನೆಯವರ ಮನೆತನದ ಹೆಸರೂ ಅದರಲ್ಲಿದೆ, ಅವರು ನಮಗೆ ತುಂಬ ಬೇಕಾದವರು. ಇಂಥ ದರಿದ್ರ ಮನೆಯಲ್ಲಿ ಬೇಡ, ಸುಟ್ಟುಬಿಡೋಣ ಎನ್ನುತ್ತಾರೆ ನಮ್ಮ ಯಜಮಾನರು. ಕಾಲೇಜಿಗೆ ಹೋಗುವ ಮಗಳು ಎಲ್ಲ ಹೆಸರನ್ನೂ ಇಂಟರ್ನೆಟ್ಟಿಗೆ ಹಾಕಲೇಬೇಕು ಎಂದು ಹಠ ಹಿಡಿದಿದ್ದಾಳೆ. ಏನು ಮಾಡಲಿ, ಮೇಡಂ?

ಉತ್ತರ:

ಸುಡಬೇಡಿ. ಮಗಳಿಗೂ ಸ್ವಲ್ಪ ತಾಳು ಅನ್ನಿ. ಇಬ್ಬರ ಸಿಟ್ಟೂ ನ್ಯಾಯವಾದದ್ದೇ. ಆದರೆ ಇಬ್ಬರು ಹೇಳುತ್ತಿರುವುದೂ ಒಮ್ಮೆ ಮಾಡಿದರೆ ಹಿಂದಕ್ಕೆ ಪಡೆಯಲಾಗದ ಕೆಲಸ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪೆಟ್ಟಿಗೆಯಲ್ಲಿರುವುದನ್ನು ಚೆದುರಿಸದೆ, ಒಂದು ಹೆಸರಿನ ಮೇಲೂ ಮಸಿ ಬಳಿಯದೆ, ಇಡಿಯಾಗಿ ಒಂದು ಪತ್ರಾಗಾರಕ್ಕೆ ಕೊಡಿ. ಹೆಸರುಗಳು ಹೊರಗೆ ಬರಬೇಕು ಎಂಬ ಪಕ್ಷ ನನ್ನದೂ ಹೌದು. ಆದರೆ ಅವು ತಮ್ಮ ಚಂದಾ ಪುಸ್ತಕ, ತಾರೀಖು, ಸಹಿಗಳ ಜೊತೆಯಲ್ಲೇ ಬರಬೇಕು, ಬಿಡಿ ಪಟ್ಟಿಯಾಗಿ ಅಲ್ಲ.

ಗುಟ್ಟಿನ ಸಂಘಕ್ಕೆ ಇಷ್ಟೊಂದು ಲೆಕ್ಕಪತ್ರ ಯಾಕೆ ಎಂದು ನಿಮಗೂ ಅನ್ನಿಸಿರಬೇಕು. ದುಡ್ಡಿಗಾಗಿ. 1915ರಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್ ಗುಡ್ಡದ ಮೇಲೆ ವಿಲಿಯಂ ಸಿಮನ್ಸ್ ಎಂಬಾತ ಮತ್ತೆ ಎಬ್ಬಿಸಿ ನಿಲ್ಲಿಸಿದ ಈ ಎರಡನೆಯ ಕ್ಲಾನ್, ದ್ವೇಷದ ಸಂಘಟನೆಯಷ್ಟೇ ಅಲ್ಲ, ಒಳ್ಳೆಯ ವ್ಯಾಪಾರವೂ ಆಗಿತ್ತು. ಸೇರಲು ಹತ್ತು ಡಾಲರ್. ಅದರಲ್ಲಿ ನಾಲ್ಕು ಡಾಲರ್ ಸದಸ್ಯನನ್ನು ಹಿಡಿದುತಂದ ‘ಕ್ಲೀಗಲ್’ ಜೇಬಿಗೆ, ಉಳಿದದ್ದು ಮೆಟ್ಟಿಲು ಮೆಟ್ಟಿಲಾಗಿ ಮೇಲಿನವರಿಗೆ. ನಿಲುವಂಗಿಗೂ ಬೇರೆ ಹಣ. ಇಷ್ಟು ಕೈ ದಾಟುವ ದುಡ್ಡಿಗೆ ಲೆಕ್ಕ ಇಡದಿದ್ದರೆ ಒಬ್ಬರನ್ನೊಬ್ಬರು ನಂಬುವವರಲ್ಲ ಅವರು. ಹಾಗಾಗಿ ಪ್ರತಿ ಘಟಕಕ್ಕೂ ‘ಕ್ಲಿಗ್ರಾಪ್’ ಎಂಬ ಕಾರ್ಯದರ್ಶಿ ಇರುತ್ತಿದ್ದ. ನಿಮ್ಮ ಪೆಟ್ಟಿಗೆ ಬಹುಶಃ ಅಂಥವನೊಬ್ಬನದು. ಮುಖಕ್ಕೆ ಮುಸುಕು ಹಾಕಿಕೊಂಡವರು ಚಂದಾ ಪುಸ್ತಕದಲ್ಲಿ ನಿಜವಾದ ಹೆಸರು, ಮನೆ ವಿಳಾಸ, ಕಸುಬು ಎಲ್ಲವನ್ನೂ ಬರೆಸಿದ್ದಾರೆ. ಕೊನೆಗೆ ಇಡೀ ಸಂಸ್ಥೆ ಮುಗ್ಗರಿಸಿದ್ದೂ ಲೆಕ್ಕದಲ್ಲೇ. ಸುಮಾರು 6,85,000 ಡಾಲರ್ ತೆರಿಗೆ ಬಾಕಿಗಾಗಿ ಅಮೆರಿಕದ ಆದಾಯ ತೆರಿಗೆಯವರು ಬೆನ್ನುಹತ್ತಿದಾಗ, 1944ರಲ್ಲಿ ರಾಷ್ಟ್ರಮಟ್ಟದ ಸಂಘಟನೆ ಬಾಗಿಲು ಹಾಕಿತು.

ನೀವಿರುವ ರಾಜ್ಯದಲ್ಲಂತೂ ಈ ಕಾಗದಗಳಿಗೆ ಬೇರೆಯದೇ ಚರಿತ್ರೆಯಿದೆ. 1920ರ ದಶಕದ ನಡುವಿನಲ್ಲಿ ಇಂಡಿಯಾನಾದ ಕ್ಲಾನ್ ಸದಸ್ಯರು ಸುಮಾರು ಎರಡೂವರೆ ಲಕ್ಷ ಎಂದು ಇತಿಹಾಸಕಾರರ ಅಂದಾಜು. 1924ರಲ್ಲಿ ಅವರ ಬೆಂಬಲದಿಂದ ಎಡ್ ಜಾಕ್ಸನ್ ಗವರ್ನರ್ ಆದ. ಎಲ್ಲವನ್ನೂ ಆಡಿಸುತ್ತಿದ್ದವನು ಅಲ್ಲಿನ ಕ್ಲಾನ್ ನಾಯಕ ಡಿ. ಸಿ. ಸ್ಟೀವನ್ಸನ್. ಮ್ಯಾಜ್ ಓಬರ್‌ಹೋಲ್ಟ್ಸರ್ ಎಂಬ ತರುಣಿಯ ಕೊಲೆಗಾಗಿ 1925ರಲ್ಲಿ ಅವನಿಗೆ ಶಿಕ್ಷೆಯಾಯಿತು. ತಾನು ಕೂರಿಸಿದ ಗವರ್ನರ್ ತನ್ನನ್ನು ಬಿಡಿಸುತ್ತಾನೆ ಎಂದು ಜೈಲಿನಲ್ಲಿ ಕಾದ. ಬಿಡಿಸಲಿಲ್ಲ. ಆಗ ಯಾರಿಗೆ ಎಷ್ಟು ಕೊಟ್ಟಿದ್ದೆ ಎಂಬ ಕಾಗದಗಳನ್ನು ತಾನೇ ಹೊರಗೆ ಹಾಕಿದ. ಜಾಕ್ಸನ್ ಮೇಲೆ ಮೊಕದ್ದಮೆ ಬಿತ್ತು, ಇಂಡಿಯಾನಾಪೊಲಿಸ್ ಮೇಯರ್ ಜೈಲು ಕಂಡ, ಇದನ್ನು ಬಯಲಿಗೆಳೆದ ‘ಇಂಡಿಯಾನಾಪೊಲಿಸ್ ಟೈಮ್ಸ್’ ಪತ್ರಿಕೆಗೆ 1928ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಇಷ್ಟಾದ ಮೇಲೆ ಮನೆಯಲ್ಲಿ ಕ್ಲಾನ್ ಪುಸ್ತಕ ಇಟ್ಟುಕೊಂಡವನಿಗೆ ನಿದ್ದೆ ಹತ್ತುವುದುಂಟೆ? ಉಳಿದಿರುವ ಪೆಟ್ಟಿಗೆಗಳು ಬೆರಳೆಣಿಕೆಯಷ್ಟು. ನಿಮ್ಮ ಯಜಮಾನರು ಹೇಳುವ ಕೆಲಸವನ್ನು ಕ್ಲಾನಿನವರೇ ಮಾಡಿ ಮುಗಿಸಲು ನೋಡಿದ್ದರು ಎಂದು ಅವರಿಗೆ ಹೇಳಿ. ಪ್ರಾಯಶಃ ಒಪ್ಪುತ್ತಾರೆ.

ಸುಡುವುದರಿಂದ ಯಾರಿಗೆ ಲಾಭ ಎಂಬುದಕ್ಕೆ ಎರಡು ಸಂಗತಿ ಸಾಕು. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಸರ್ಕಾರ ಹೊರಟು ನಿಂತಾಗ, 1993ರಲ್ಲಿ ಅದರ ಗುಪ್ತಚರ ಕೇಂದ್ರ ಕಚೇರಿಯೊಂದೇ ಸುಮಾರು 44 ಟನ್ ಕಾಗದ ಮತ್ತು ಮೈಕ್ರೊಫಿಲ್ಮ್ ನಾಶ ಮಾಡಿತು. ಆಮೇಲೆ ಬಂದ ಸತ್ಯಶೋಧನಾ ಆಯೋಗದ ಮುಂದೆ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಬಂದು ನಿಂತಾಗ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಇದ್ದ ಕಾಗದವೇ ಇರಲಿಲ್ಲ. ಜರ್ಮನಿಯಲ್ಲಿ ಇದಕ್ಕೆ ತದ್ವಿರುದ್ಧವಾಯಿತು. 1945ರ ಏಪ್ರಿಲ್‌ನಲ್ಲಿ, ಅಮೆರಿಕನ್ ಸೈನ್ಯ ಮ್ಯೂನಿಕ್ ಬಾಗಿಲಿಗೆ ಬರುತ್ತಿದ್ದಂತೆ, ನಾಜಿ ಪಕ್ಷದ ಸದಸ್ಯರ ಕಾರ್ಡುಗಳನ್ನು ಲಾರಿಗಟ್ಟಲೆ ತುಂಬಿ ಊರಾಚೆಯ ಕಾಗದದ ಗಿರಣಿಗೆ ಅರೆಯಲು ಕಳಿಸಿದರು. ಗಿರಣಿಯ ಒಡೆಯ ಹಾನ್ಸ್ ಹೂಬರ್ ಅರೆಯಲಿಲ್ಲ. ರದ್ದಿಯ ರಾಶಿಯ ನಡುವೆ ಅಡಗಿಸಿಟ್ಟ, ಸೈನ್ಯ ಬಂದಾಗ ಹೇಳಿದ. ಹೇಳಿದರೂ ಅಮೆರಿಕನ್ನರಿಗೆ ಅದರ ಬೆಲೆ ತಿಳಿಯಲು ತಿಂಗಳುಗಳೇ ಹಿಡಿದವು, ಅದು ಬೇರೆ ಮಾತು. ಒಂದು ಕೋಟಿಗೂ ಮಿಕ್ಕ ಆ ಕಾರ್ಡುಗಳು ಬರ್ಲಿನ್‌ನಲ್ಲಿ ಅಮೆರಿಕನ್ನರ ಕೈಯಲ್ಲಿದ್ದು, 1994ರಲ್ಲಿ ಜರ್ಮನಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಬಂದವು. ‘ನಾನು ಆ ಪಕ್ಷದವನೇ ಅಲ್ಲ’ ಎಂದು ಯುದ್ಧದ ನಂತರ ಹೇಳಿಕೊಂಡು ತಿರುಗಿದ ಎಷ್ಟೋ ದೊಡ್ಡವರ ಬಾಯಿ ಮುಚ್ಚಿಸಿದ್ದು ಆ ಕಾರ್ಡುಗಳೇ.

ಆದರೆ ನನ್ನ ವಿದ್ಯಾರ್ಥಿಗಳಿಗೆ ನಾನು ಪ್ರತಿ ಸಲ ಹೇಳುವುದು ಮಿಸಿಸಿಪ್ಪಿಯ ಉದಾಹರಣೆ. ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರೆ ಕೂರಿಸುವುದು ಸಂವಿಧಾನಬಾಹಿರ ಎಂದು 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತಲ್ಲ, ಅದನ್ನು ತಡೆಯಲೆಂದೇ ಮಿಸಿಸಿಪ್ಪಿ ಸರ್ಕಾರ 1956ರಲ್ಲಿ ‘ಸಾವರಿನ್ಟಿ ಕಮಿಷನ್’ ಎಂಬ ಇಲಾಖೆಯನ್ನೇ ತೆರೆಯಿತು. ಮುಸುಕಿಲ್ಲದ, ಸರ್ಕಾರಿ ಸಂಬಳದ ಗೂಢಚಾರಿಕೆ. ಯಾರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರು, ಯಾರ ಮನೆಗೆ ಯಾರು ಬಂದರು, ಯಾರ ಕಾರಿನ ನಂಬರ್ ಏನು, ಎಲ್ಲವೂ ಕಡತಕ್ಕೆ. 1973ರಲ್ಲಿ ಹಣ ನಿಂತಿತು, 1977ರಲ್ಲಿ ಇಲಾಖೆ ಮುಚ್ಚಿತು. ಕಡತಗಳನ್ನು ನಾಶ ಮಾಡಬೇಕೆಂಬ ಮಾತು ಶಾಸನಸಭೆಯಲ್ಲಿ ಬಂದು, ಕೊನೆಗೆ ಐವತ್ತು ವರ್ಷ, ಅಂದರೆ 2027ರವರೆಗೆ, ಬೀಗ ಹಾಕಲು ತೀರ್ಮಾನವಾಯಿತು. ನಾಗರಿಕ ಹಕ್ಕುಗಳ ಸಂಘಟನೆ ಕೋರ್ಟಿಗೆ ಹೋಯಿತು. ಇಪ್ಪತ್ತು ವರ್ಷ ವ್ಯಾಜ್ಯ ನಡೆದು 1998ರ ಮಾರ್ಚ್‌ನಲ್ಲಿ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಪುಟಗಳು ತೆರೆದುಕೊಂಡವು.

ಬೀಗ ಇದ್ದಾಗಲೇ ಒಂದು ಸಂಗತಿ ನಡೆದಿತ್ತು. ಕರಿಯರ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್‌ರನ್ನು 1963ರ ಜೂನ್‌ನಲ್ಲಿ ಅವರ ಮನೆಯಂಗಳದಲ್ಲೇ ಗುಂಡಿಟ್ಟು ಕೊಂದರು. ಆರೋಪಿ ಬೈರನ್ ಡಿ ಲಾ ಬೆಕ್‌ವಿತ್. 1964ರಲ್ಲಿ ಎರಡು ಸಲ ವಿಚಾರಣೆಯಾಯಿತು, ಎರಡು ಸಲವೂ ಬಿಳಿಯರೇ ತುಂಬಿದ್ದ ಜ್ಯೂರಿ, ಅಂದರೆ ತೀರ್ಪು ಹೇಳುವ ನಾಗರಿಕರ ತಂಡ, ಒಮ್ಮತಕ್ಕೆ ಬರಲಿಲ್ಲ, ಆತ ಮನೆಗೆ ಹೋದ. 1989ರಲ್ಲಿ ಜೆರ‍್ರಿ ಮಿಚೆಲ್ ಎಂಬ ವರದಿಗಾರನಿಗೆ ಬೀಗದೊಳಗಿನ ಒಂದಿಷ್ಟು ಹಾಳೆ ಸಿಕ್ಕವು. ಎರಡನೆಯ ವಿಚಾರಣೆಯಲ್ಲಿ ಜ್ಯೂರಿಗೆ ಬರಬಹುದಾದವರು ಎಂಥವರು ಎಂದು ವಿಚಾರಿಸಿ, ಕಮಿಷನ್ ಗುಟ್ಟಾಗಿ ಆರೋಪಿಯ ವಕೀಲರಿಗೆ ತಿಳಿಸಿತ್ತು ಎಂದು ಅವು ತೋರಿಸಿದವು. ಒಂದು ಕೈಯಲ್ಲಿ ಸರ್ಕಾರವೇ ಮೊಕದ್ದಮೆ ನಡೆಸುತ್ತಿದೆ, ಇನ್ನೊಂದು ಕೈಯಲ್ಲಿ ಸರ್ಕಾರವೇ ಆರೋಪಿಯನ್ನು ಕಾಯುತ್ತಿದೆ! ಪ್ರಕರಣ ಮತ್ತೆ ತೆರೆಯಿತು. 1994ರಲ್ಲಿ, ಕೊಲೆಯಾಗಿ ಮೂವತ್ತು ವರ್ಷ ಕಳೆದ ಮೇಲೆ, ಬೆಕ್‌ವಿತ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಅದೇ ಕಡತಗಳ ಇನ್ನೊಂದು ಮುಖ ನಿಮ್ಮ ಮಗಳಿಗೆ ತಿಳಿದಿರಲಿ. ಅದರಲ್ಲಿ ಬರುವ ಹೆಸರುಗಳಲ್ಲಿ ಬಹುಪಾಲು ಜನಾಂಗೀಯವಾದಿಗಳದ್ದಲ್ಲ, ಅವರ ಕಣ್ಣಿಗೆ ಬಿದ್ದವರದ್ದು. ಗೂಢಚಾರ ಕೇಳಿದ ಚಾಡಿ, ಸಂಸಾರದ ಗುಟ್ಟು, ಹಸಿ ಸುಳ್ಳು ಎಲ್ಲ ಅಚ್ಚಾಗಿ ಕೂತಿವೆ. ತೆರೆಯುವ ಮುನ್ನ ಕೋರ್ಟ್ ಹೀಗೆ ಕಣ್ಗಾವಲಿಗೆ ಸಿಕ್ಕವರಿಗೆ ತಮ್ಮ ಹೆಸರು ಮರೆಮಾಡಲು ಕೇಳಿಕೊಳ್ಳುವ ಅವಕಾಶ ಕೊಟ್ಟಿದ್ದು ಅದಕ್ಕೇ. ನಿಮ್ಮ ಪೆಟ್ಟಿಗೆಯ ಪತ್ರಗಳನ್ನೂ ಹಾಗೇ ನೋಡಿ. ಯಾರ ಅಂಗಡಿಗೆ ಹೋಗಬಾರದು, ಯಾವ ಕ್ಯಾಥೊಲಿಕ್ ಶಿಕ್ಷಕಿಯನ್ನು ಕೆಲಸದಿಂದ ತೆಗೆಸಬೇಕು ಎಂಬಂಥ ಮಾತು ಅಲ್ಲಿರಬಹುದು. ಇಂಡಿಯಾನಾ ಕ್ಲಾನ್‌ನ ಕಣ್ಣು ಕರಿಯರಷ್ಟೇ ಕ್ಯಾಥೊಲಿಕರ ಮೇಲೂ ಯಹೂದ್ಯರ ಮೇಲೂ ಇತ್ತು. ಅಂಗಡಿಯ ಕಿಟಕಿಯಲ್ಲಿ ‘ಟಿ ಡಬ್ಲ್ಯು ಕೆ’ ಎಂಬ ಮೂರಕ್ಷರ ಕಂಡರೆ ಕ್ಲಾನಿನವನ ಜೊತೆಗೇ ವ್ಯಾಪಾರ ಮಾಡಿ ಎಂದರ್ಥ. ಮೂರಕ್ಷರ ಇಲ್ಲದ ಅಂಗಡಿ ನೊಣ ಹೊಡೆಯುತ್ತಿತ್ತು. ಹಾಗಾಗಿ ನಿಮ್ಮ ಕೈಯಲ್ಲಿರುವ ಪೆಟ್ಟಿಗೆ ತೊಂದರೆ ಕೊಟ್ಟವರದ್ದು ಹೇಗೋ, ತೊಂದರೆ ಪಟ್ಟವರದ್ದೂ ಹಾಗೇ.

ಇನ್ನು ಇಂಟರ್ನೆಟ್ಟಿಗೆ ಹಾಕುವ ಮಾತು. ಕ್ಲಾನ್ ಸದಸ್ಯರ ಹೆಸರು ಬಯಲಿಗೆಳೆಯುವುದು ಹೊಸ ಯೋಚನೆಯಲ್ಲ. ಆ ಕಾಲದಲ್ಲೇ, 1922ರಲ್ಲಿ, ಶಿಕಾಗೋದ ‘ಟಾಲರೆನ್ಸ್’ ಎಂಬ ವಾರಪತ್ರಿಕೆ ಕದ್ದು ತಂದ ಪಟ್ಟಿಗಳಿಂದ ಹೆಸರು ಅಚ್ಚುಹಾಕತೊಡಗಿತು. ಜನ ಮುಗಿಬಿದ್ದು ಕೊಂಡರು. ಕ್ಲಾನಿಗೆ ನಿಜಕ್ಕೂ ಬಿಸಿ ಮುಟ್ಟಿತು. ಆಮೇಲೆ ಒಂದು ಸಲ ಚೂಯಿಂಗ್ ಗಮ್ ಸಾಹುಕಾರ ವಿಲಿಯಂ ರಿಗ್ಲಿಯವರ ಹೆಸರು ಹಾಕಿ, ಇದೋ ಅವರ ಸಹಿ ಎಂದು ಅರ್ಜಿಯ ಚಿತ್ರವನ್ನೂ ಹಾಕಿತು. ಸಹಿ ನಕಲಿ. ರಿಗ್ಲಿ ಕೋರ್ಟಿಗೆ ಹೋದರು, ಪತ್ರಿಕೆಯ ಮಾನ ಹೋಯಿತು. ಆವರೆಗೆ ಹಾಕಿದ್ದ ನಿಜವಾದ ಹೆಸರುಗಳ ಮೇಲೂ ಅನುಮಾನ ಬಿತ್ತು. ಕ್ಲಾನ್ ತಾನೇ ಬಯಸಿದರೂ ಅಷ್ಟು ಅನುಕೂಲ ಮಾಡಿಕೊಳ್ಳಲು ಆಗುತ್ತಿರಲಿಲ್ಲ.

ಬದುಕಿರುವವರ ಪಟ್ಟಿಯಾದರಂತೂ ಇನ್ನೂ ಎಚ್ಚರ ಬೇಕು. 2008ರಲ್ಲಿ ಬ್ರಿಟಿಷ್ ನ್ಯಾಷನಲ್ ಪಾರ್ಟಿ ಎಂಬ ತೀವ್ರ ಬಲಪಂಥೀಯ ಪಕ್ಷದ ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರ ಹೆಸರು, ವಿಳಾಸ, ಫೋನ್ ನಂಬರ್ ಸೋರಿಹೋದವು. ಪಕ್ಷದ ಸದಸ್ಯನಾಗಬಾರದೆಂಬ ನಿಯಮ ಮುರಿದಿದ್ದ ಪೊಲೀಸ್ ಸಿಕ್ಕಿಬಿದ್ದದ್ದು ನಿಜ. ನಾವು ಸದಸ್ಯರೇ ಅಲ್ಲ ಎಂದವರ ಹೆಸರೂ ಅದರಲ್ಲಿದ್ದವು ಎಂಬುದೂ ನಿಜ. ನಿಮ್ಮದು ನೂರು ವರ್ಷದ ಹಿಂದಿನ ಪಟ್ಟಿ, ಇದರಲ್ಲಿ ಯಾರೂ ಬದುಕಿರಲಾರರು. ಸತ್ತವರ ಮಾನಹಾನಿಗೆ ಅಮೆರಿಕದಲ್ಲಿ ಮೊಕದ್ದಮೆ ನಿಲ್ಲುವುದಿಲ್ಲ. ಕಾನೂನಿನ ಭಯ ನಿಮಗೆ ಹೆಚ್ಚಿಲ್ಲ. ತಪ್ಪು ಮನುಷ್ಯನನ್ನು ಹೆಸರಿಸುವ ಭಯ ಮಾತ್ರ ಇರಲಿ. ಒಂದೇ ಹೆಸರಿನ ಮೂವರು ಒಂದೇ ಊರಿನಲ್ಲಿ ಇರುವುದು ಅಲ್ಲಿ ಮಾಮೂಲು. 1920 ಮತ್ತು 1930ರ ಜನಗಣತಿಯ ಹಾಳೆಗಳು ಸಾರ್ವಜನಿಕವಾಗಿವೆ, ಊರಿನ ಹಳೆಯ ಡೈರೆಕ್ಟರಿಗಳು ಗ್ರಂಥಾಲಯದಲ್ಲಿರುತ್ತವೆ. ವಿಳಾಸ, ಕಸುಬು ಎರಡೂ ತಾಳೆಯಾದರೆ ಮಾತ್ರ ಆ ಕಾರ್ಡಿನವನು ಇವನೇ ಎನ್ನಬಹುದು. ಮಗಳಿಗೆ ನಿಜಕ್ಕೂ ಆಸಕ್ತಿ ಇದ್ದರೆ ಈ ಕೆಲಸ ಅವಳಿಗೇ ಕೊಡಿ, ಒಂದು ಬೇಸಿಗೆ ರಜೆಗೆ ಧಾರಾಳವಾಗಿ ಸಾಕಾಗುತ್ತದೆ.

ಕೋರ್ಟುಗಳಿಗೂ ಈ ಸಮಸ್ಯೆ ಕಾಡಿದೆ. ಕ್ಲಾನ್ ತನ್ನ ಸದಸ್ಯರ ಪಟ್ಟಿಯನ್ನು ಸರ್ಕಾರಕ್ಕೆ ಕೊಡಲೇಬೇಕೆಂಬ ನ್ಯೂಯಾರ್ಕ್ ಕಾನೂನನ್ನು 1928ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಒಳ್ಳೆಯದೇ ಆಯಿತು ಎನ್ನಿಸುತ್ತದಲ್ಲವೆ? ಮುಂದೆ ಅಲಬಾಮಾ ರಾಜ್ಯ ಅದೇ ದಾರಿ ಹಿಡಿದು, ಕರಿಯರ ಹಕ್ಕಿನ ಸಂಸ್ಥೆಯಾದ ಎನ್‌ಎಎಸಿಪಿಯ ಸದಸ್ಯರ ಪಟ್ಟಿ ಕೊಡಿ ಎಂದು ಕೇಳಿತು. ಕೊಟ್ಟಿದ್ದರೆ ಆ ಹೆಸರಿನವರ ಗತಿ ಏನಾಗುತ್ತಿತ್ತೆಂದು ಹೇಳಬೇಕಿಲ್ಲ. 1958ರಲ್ಲಿ ಕೋರ್ಟ್ ಅದನ್ನು ತಡೆಯಿತು. ಹಿಂಸೆಯನ್ನೇ ಕಸುಬು ಮಾಡಿಕೊಂಡಿದ್ದ ಕ್ಲಾನ್ ಬೇರೆ, ಇದು ಬೇರೆ ಎಂದಿತು. ಹೆಸರಿನ ಪಟ್ಟಿ ಯಾರ ಕೈಗೆ ಹೋಗುತ್ತದೆ ಎಂಬುದರ ಮೇಲೆ ಅದು ಔಷಧವೋ ವಿಷವೋ ಎಂಬುದು ನಿಂತಿರುತ್ತದೆ.

ಪತ್ರಾಗಾರಗಳು ಇದನ್ನು ನಿಭಾಯಿಸುವುದು ಕಾಲದ ಮೂಲಕ. ಜರ್ಮನಿಯ ಕಾನೂನು, ವ್ಯಕ್ತಿ ಸತ್ತು ಹತ್ತು ವರ್ಷ ಆಗಬೇಕು, ಸತ್ತದ್ದು ತಿಳಿಯದಿದ್ದರೆ ಹುಟ್ಟಿ ನೂರು ವರ್ಷ ಆಗಬೇಕು ಎನ್ನುತ್ತದೆ. ಕೊಲೊರಾಡೋದಲ್ಲಿ ಡೆನ್ವರ್ ಕ್ಲಾನ್‌ನ ಎರಡು ದೊಡ್ಡ ಲೆಡ್ಜರ್‌ಗಳು 1940ರ ದಶಕದಲ್ಲೇ ರಾಜ್ಯದ ಇತಿಹಾಸ ಸಂಸ್ಥೆಗೆ ಬಂದಿದ್ದರೂ ಬಹುಕಾಲ ಯಾರಿಗೂ ತೋರಿಸುವಂತಿರಲಿಲ್ಲ. 2021ರಲ್ಲಿ ಆ ಸಂಸ್ಥೆ ಅಷ್ಟೂ ಪುಟಗಳ ಚಿತ್ರವನ್ನು ಎಲ್ಲರಿಗೂ ತೆರೆದಿಟ್ಟಿತು. 1924ರಿಂದ 1926ರವರೆಗಿನ ಸುಮಾರು 30,000 ನಮೂದುಗಳು, ಒಂದಕ್ಕೂ ಮಸಿ ಬಳಿದಿಲ್ಲ. ಆ ಕಾಲದ ಡೆನ್ವರ್ ಮೇಯರ್ ಬೆಂಜಮಿನ್ ಸ್ಟೇಪಲ್ಟನ್ ಕೂಡ ಕ್ಲಾನ್ ಸದಸ್ಯ. ಆತನ ಹೆಸರಿನ ಬಡಾವಣೆಯ ನಿವಾಸಿಗಳು ವರ್ಷಗಟ್ಟಲೆ ಜಗಳವಾಡಿ 2020ರಲ್ಲಿ ಹೆಸರು ಬದಲಿಸಿಕೊಂಡರು. ನಿಮ್ಮ ರಾಜ್ಯದ ನೋಬಲ್ಸ್‌ವಿಲ್‌ನಲ್ಲಿ 1995ರಲ್ಲಿ ಹೆಚ್ಚುಕಡಿಮೆ ನಿಮ್ಮಂಥದೇ ಪೆಟ್ಟಿಗೆಯೊಂದು ಕೊಟ್ಟಿಗೆಯಲ್ಲಿ ಸಿಕ್ಕಿ, ಹೆಸರು ಹೇಳಬೇಕೋ ಬಾರದೋ ಎಂದು ಊರೇ ಎರಡಾಗಿ ವಾದಿಸಿತು. ಆಗ ಹಿಂಜರಿದದ್ದು ನನಗೆ ಅರ್ಥವಾಗುತ್ತದೆ, ಪಟ್ಟಿಯಲ್ಲಿದ್ದವರ ಮಕ್ಕಳು ಅದೇ ಊರಿನಲ್ಲಿದ್ದರು. ಈಗ ಮರಿಮಕ್ಕಳ ಕಾಲ. ಇನ್ನೂ ಮುಚ್ಚಿಡುವುದಕ್ಕೆ ಕಾರಣ ನನಗೆ ಕಾಣದು.

ಇಂಥ ಪಟ್ಟಿಗಳಿಂದ ಚರಿತ್ರೆಯೇ ತಿದ್ದಿಕೊಂಡಿದೆ ಎಂಬುದನ್ನೂ ಹೇಳಬೇಕು. ಕ್ಲಾನ್ ಎಂದರೆ ಓದುಬರಹವಿಲ್ಲದ, ಹತಾಶ ಹಳ್ಳಿಗರ ಗುಂಪು ಎಂದು ಬಹುಕಾಲ ನಂಬಿದ್ದರು. ಇಂಡಿಯಾನಾದ ವೇಯ್ನ್ ಕೌಂಟಿಯಂಥ ಕಡೆ ಉಳಿದ ಸದಸ್ಯರ ದಾಖಲೆಗಳನ್ನು ಲೆನರ್ಡ್ ಮೂರ್ ಎಂಬ ಇತಿಹಾಸಕಾರ ಜನಗಣತಿಯ ಜೊತೆ ಇಟ್ಟು ನೋಡಿದಾಗ, ಅಂಗಡಿಯವರು, ಗುಮಾಸ್ತರು, ಕಾರ್ಖಾನೆಯ ನುರಿತ ಕೆಲಸಗಾರರು, ವೃತ್ತಿಪರರು, ಅಂದರೆ ಊರಿನ ಬಿಳಿಯ ಪ್ರಾಟೆಸ್ಟಂಟ್ ಜನ ಹೇಗಿದ್ದರೋ ಹಾಗೇ ಸದಸ್ಯರೂ ಇದ್ದರು ಎಂದು ಗೊತ್ತಾಯಿತು. 1923ರಿಂದ ಹೆಂಗಸರಿಗೂ ಪ್ರತ್ಯೇಕ ಸಂಘವಿತ್ತು, ನಿಮ್ಮ ಕಾರ್ಡುಗಳಲ್ಲಿ ಹೆಣ್ಣುಮಕ್ಕಳ ಹೆಸರಿದ್ದರೆ ಅದು ಇನ್ನೂ ಅಪರೂಪ. ಹೆಸರು ಅಳಿಸಿದ್ದರೆ ಈ ಯಾವುದೂ ತಿಳಿಯುತ್ತಿರಲಿಲ್ಲ. ಸಂಶೋಧಕರಿಗೆ ಅಂಕಿಅಂಶ ಕೊಟ್ಟರೆ ಸಾಕು, ಹೆಸರು ಯಾಕೆ ಎನ್ನುವವರಿಗೆ ನನ್ನ ಉತ್ತರ ಇದೇ.

ನಮಗೂ ಇದಕ್ಕೂ ಏನು ಸಂಬಂಧ ಎಂದು ಯಜಮಾನರು ಕೇಳಿದರೆ: 1923ರ ಫೆಬ್ರವರಿಯಲ್ಲಿ ಭಗತ್ ಸಿಂಗ್ ತಿಂಡ್ ಎಂಬ ಪಂಜಾಬಿಗೆ, ಅಮೆರಿಕದ ಸೈನ್ಯದಲ್ಲಿ ಇದ್ದು ಬಂದವನಿಗೆ, ನೀನು ಬಿಳಿಯನಲ್ಲ, ಪೌರತ್ವ ಇಲ್ಲ ಎಂದಿತು ಸುಪ್ರೀಂ ಕೋರ್ಟ್. ಮರುವರ್ಷ ಬಂದ ವಲಸೆ ಕಾನೂನು ಏಷ್ಯಾದವರಿಗೆ ಬಾಗಿಲನ್ನು ಇನ್ನಷ್ಟು ಭದ್ರವಾಗಿ ಮುಚ್ಚಿತು. ಅದಕ್ಕಾಗಿ ಗಟ್ಟಿಯಾಗಿ ಕೂಗಿದವರಲ್ಲಿ ಕ್ಲಾನ್ ಒಂದು. ನಿಮ್ಮ ಪೆಟ್ಟಿಗೆಯ ಚಂದಾ ಆ ವರ್ಷದ್ದೇ ಇದ್ದೀತು.

ಎದುರುಮನೆಯವರ ವಿಷಯ ಸೂಕ್ಷ್ಮ. ಅವರ ಮುತ್ತಜ್ಜ ಹತ್ತು ಡಾಲರ್ ಕೊಟ್ಟದ್ದಕ್ಕೆ ಇವರನ್ನು ದೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕಾರ್ಡು ಹೇಳುವುದು ಆತ ಸೇರಿದ ಎಂದಷ್ಟೇ. ಯಾಕೆ ಸೇರಿದ, ಎಷ್ಟು ದಿನ ಇದ್ದ ಎಂಬುದಕ್ಕೆ ಚಂದಾ ಪುಸ್ತಕ ನೋಡಬೇಕು. ಒಂದು ಕಂತು ಕಟ್ಟಿ ಮಾಯವಾದವರು ಬೇಕಾದಷ್ಟು ಜನ, ಪದಾಧಿಕಾರಿಯಾಗಿ ಮೆರೆದವರೂ ಇದ್ದಾರೆ. ಅವರ ಹೆಸರಿನ ಕಾರ್ಡನ್ನು ಸ್ನೇಹಕ್ಕೆಂದು ಎತ್ತಿ ಅವರ ಕೈಗೆ ಕೊಡುವ ಆಸೆ ನಿಮಗೆ ಬಂದೀತು, ದಯವಿಟ್ಟು ಬೇಡ. ಒಂದು ಕಾರ್ಡು ತೆಗೆದ ಪಟ್ಟಿಯನ್ನು ಆಮೇಲೆ ಯಾರೂ ಪೂರ್ತಿ ನಂಬುವುದಿಲ್ಲ. ಪತ್ರಾಗಾರಕ್ಕೆ ಹೋಗುವ ಮುಂಚೆ ಒಂದು ದಿನ ಅವರನ್ನು ಕಾಫಿಗೆ ಕರೆದು ನೀವೇ ಹೇಳಿ. ಪೇಪರಿನಲ್ಲಿ ಓದಿ ತಿಳಿಯುವುದಕ್ಕಿಂತ ಅದು ಮೇಲು. ನೋಡಬೇಕೆಂದರೆ ತೋರಿಸಿ, ಬೇಡವೆಂದರೆ ಒತ್ತಾಯ ಮಾಡಬೇಡಿ.

ಈಗ ಕೈಕೆಲಸ. ಪೆಟ್ಟಿಗೆ ಎಲ್ಲಿ ಹೇಗೆ ಇತ್ತೋ ಹಾಗೇ ಫೋಟೊ ತೆಗೆಯಿರಿ, ಒಳಗೆ ಯಾವುದರ ಮೇಲೆ ಯಾವುದಿತ್ತು ಎಂದೂ ತೆಗೆಯಿರಿ. ಅಕಾರಾದಿಯಾಗಿ ಜೋಡಿಸುವ ಶಿಸ್ತು ತೋರಿಸಬೇಡಿ. ಕಾರ್ಯದರ್ಶಿ ಇಟ್ಟ ಕ್ರಮವೇ ಒಂದು ಮಾಹಿತಿ, ಯಾರು ಯಾರನ್ನು ಕರೆತಂದರು ಎಂಬುದು ಎಷ್ಟೋ ಸಲ ಆ ಕ್ರಮದಿಂದಲೇ ತಿಳಿಯುತ್ತದೆ. ಆಮೇಲೆ ಅಟ್ಟದಿಂದ ಇಳಿಸಿ. ಬೇಸಿಗೆಯಲ್ಲಿ ಕಾಯುವ, ಚಳಿಯಲ್ಲಿ ಹೆಪ್ಪುಗಟ್ಟುವ ಅಟ್ಟದಷ್ಟು ಕೆಟ್ಟ ಜಾಗ ಕಾಗದಕ್ಕೆ ಇನ್ನೊಂದಿಲ್ಲ. ನೆಲಮಾಳಿಗೆಯೂ ಬೇಡ, ಬೂಷ್ಟು ಹಿಡಿಯುತ್ತದೆ. ನೀವು ಮಲಗುವ ಕೋಣೆಯ ಬೀರು ಸಾಕು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಮುಟ್ಟಿ, ಕಾಗದಕ್ಕೆ ಗ್ಲೌಸ್ ಬೇಕಿಲ್ಲ, ಫೋಟೊಗಳಿದ್ದರೆ ಮಾತ್ರ ಬೇಕು. ಹರಿದದ್ದಕ್ಕೆ ಸೆಲೊಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ತುಕ್ಕು ಹಿಡಿದ ಪಿನ್ನುಗಳನ್ನು ಎಳೆಯಬೇಡಿ, ಅದನ್ನು ಬಲ್ಲವರು ಬಿಡಿಸಲಿ. ನಿಲುವಂಗಿಯನ್ನು ಒಗೆಯಲೂ ಬೇಡಿ, ಇಸ್ತ್ರಿಯನ್ನೂ ಮಾಡಬೇಡಿ. ಹಳೆಯ ಬಿಳಿ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಿ. ಚಿತ್ರ ತೆಗೆಯುವಾಗ ಪ್ರತಿ ಕಾರ್ಡಿನ ಹಿಂಬದಿಯನ್ನೂ ತೆಗೆಯಿರಿ, ಖಾಲಿ ಇದ್ದರೂ ಸರಿ.

ಮಾರುವ ಯೋಚನೆ ಬಂದಿದ್ದರೆ ಬಿಡಿ. ಇಬೇ 2001ರಲ್ಲೇ ಇಂಥವನ್ನು ನಿಷೇಧಿಸಿತು, ಆದರೆ ಕೊಳ್ಳುವವರು ಬೇರೆ ಕಡೆ ಇದ್ದೇ ಇದ್ದಾರೆ. ಅವರಲ್ಲಿ ಕೆಲವರು ಸಂಗ್ರಹಕಾರರು, ಕೆಲವರಿಗೆ ಇದು ಪೂಜೆಯ ಸಾಮಾನು. ಯಾರು ಯಾವುದು ಎಂದು ನಿಮಗೆ ತಿಳಿಯುವುದಿಲ್ಲ. ಹರಾಜಿಗೆ ಹೋದ ಪೆಟ್ಟಿಗೆ ಕಾರ್ಡು ಕಾರ್ಡಾಗಿ ಹರಿದು ಹಂಚಿಹೋಗುತ್ತದೆ.

ಕೊಡುವುದಕ್ಕೆ ಇಂಡಿಯಾನಾ ಹಿಸ್ಟಾರಿಕಲ್ ಸೊಸೈಟಿ ಇದೆ, ರಾಜ್ಯ ಗ್ರಂಥಾಲಯ ಇದೆ. ಇಬ್ಬರಿಗೂ ಇಂಥ ಸಂಗ್ರಹ ನೋಡಿಕೊಂಡ ಅನುಭವವಿದೆ. ಊರಿನ ಪುಟ್ಟ ಇತಿಹಾಸ ಸಂಘಕ್ಕೇ ಕೊಡಬೇಕೆಂದು ಅನ್ನಿಸಬಹುದು, ಆದರೆ ಅದರ ಆಡಳಿತ ಮಂಡಳಿಯಲ್ಲಿ ಇದೇ ಕಾರ್ಡುಗಳ ಮೊಮ್ಮಕ್ಕಳು ಕೂತಿದ್ದರೆ ಪೆಟ್ಟಿಗೆ ಮತ್ತೆ ಇನ್ನೊಂದು ಅಟ್ಟ ಸೇರೀತು. ಅವರಿಗೆ ಚಿತ್ರಗಳ ಒಂದು ಪ್ರತಿ ಕೊಡಿ, ಮೂಲ ದೊಡ್ಡ ಸಂಸ್ಥೆಯಲ್ಲಿರಲಿ. ಕೊಡುವಾಗ ದಾನಪತ್ರಕ್ಕೆ ಸಹಿ ಹಾಕಿಸುತ್ತಾರೆ, ಅವಸರ ಮಾಡದೆ ಓದಿ. ಸಂಗ್ರಹವನ್ನು ಒಡೆಯುವುದಿಲ್ಲ, ತಮಗೆ ಬೇಡವಾದರೆ ಬೇರೆ ಸಾರ್ವಜನಿಕ ಸಂಸ್ಥೆಗೇ ಕೊಡುತ್ತೇವೆ, ಹೆಸರುಗಳಿಗೆ ನಿರ್ಬಂಧ ಇಟ್ಟರೆ ಅದು ಕೊನೆಗೊಳ್ಳುವ ತಾರೀಖು ಇಂಥದ್ದು ಎಂಬ ಮೂರೂ ಅದರಲ್ಲಿ ಬರಲಿ. ‘ಸೂಕ್ತ ಸಮಯದಲ್ಲಿ’ ಎಂಬ ಮಾತಿಗೆ ಒಪ್ಪಬೇಡಿ, ಆ ಸಮಯ ಯಾವತ್ತೂ ಬರುವುದಿಲ್ಲ. ನಿಮ್ಮ ಹೆಸರು ದಾನಿಯಾಗಿ ಹೊರಗೆ ಬರುವುದು ಬೇಡವಾದರೆ ಅದನ್ನೂ ಬರೆಸಬಹುದು. ಸಣ್ಣ ಊರಿನಲ್ಲಿ ಬೇರೆ ಬಣ್ಣದವರಾಗಿ ಬಾಳಬೇಕಾದವರು ನೀವು, ಆ ಎಚ್ಚರದಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮೊದಲ ಇಮೇಲಿನಲ್ಲಿ ಸದಸ್ಯರ ಹೆಸರು ಬರೆಯಬೇಡಿ. ಏನೇನಿದೆ, ಎಷ್ಟಿದೆ, ಯಾವ ವರ್ಷದ್ದು, ಎಲ್ಲಿ ಸಿಕ್ಕಿತು ಎಂಬ ನಾಲ್ಕು ಸಾಲು ಮತ್ತು ಪೆಟ್ಟಿಗೆಯ ಒಂದು ಫೋಟೊ ಸಾಕು, ಮುಂದಿನದನ್ನು ಅವರೇ ಫೋನ್ ಮಾಡಿ ಕೇಳುತ್ತಾರೆ.